ಕೃತಕ ಕಾಲಿನ ಸಾಕೆಟ್: ಅಳತೆ, ಜೋಡಣೆ ಮತ್ತು ಬಿಲ್ಲು – ಗಡಿನಾಡ ಸದಸ್ಯರಿಗೆ ಮಾಹಿತಿ



ಪಾಲಮಲೆಯಿಂದ ಇಳಿದು ಕೊಳತ್ತೂರು, ಮೆಟ್ಟೂರು ದಾಟಿ ಸೇಲಂವರೆಗೆ ಹೋಗಿ ಕೃತಕ ಕಾಲು ಹಾಕಿಸಿಕೊಂಡು ಬರುವುದು ಸಣ್ಣ ಕೆಲಸವಲ್ಲ. ಹೋಗಿಬರುವ ಖರ್ಚು, ಕೂಲಿ ತಪ್ಪಿದ ದಿನಗಳು, ಜೊತೆಗೆ ಬಂದವರ ಕೂಲಿ ಎಲ್ಲವೂ ಅದರಲ್ಲಿ ಸೇರುತ್ತವೆ. ಅಷ್ಟು ಕಷ್ಟಪಟ್ಟು ತಂದ ಕಾಲು ವರ್ಷ ಕಳೆಯುವುದರೊಳಗೆ ಮನೆಯ ಮೂಲೆ ಸೇರುವುದುಂಟು. ಕೇಳಿದರೆ "ಕಚ್ಚುತ್ತದೆ" ಅಥವಾ "ಸಡಿಲ" ಎಂಬ ಉತ್ತರ ಬರುತ್ತದೆ. ಆಗ ಕೆಟ್ಟಿರುವುದು ಸಾಮಾನ್ಯವಾಗಿ ಪಾದವೂ ಅಲ್ಲ, ನಡುವಿನ ಕೊಳವೆಯೂ ಅಲ್ಲ. ಮೈಗೆ ತಾಗುವ ಒಂದು ಭಾಗ ಮಾತ್ರ ಹೊಂದುತ್ತಿಲ್ಲ. ಅದರ ಹೆಸರು ಸಾಕೆಟ್.

ಆ ಒಂದು ಭಾಗವನ್ನು ಬದಲಾಯಿಸಿದರೆ ಉಳಿದ ಕಾಲು ಇನ್ನೂ ಹಲವು ವರ್ಷ ನಡೆಯುತ್ತದೆ. ಆದರೆ ಚೀಟಿಯಲ್ಲಿ "ಕೃತಕ ಕಾಲು – 1" ಎಂದಷ್ಟೇ ಬರೆದಿದ್ದರೆ ಸಾಕೆಟ್ ಒಂದನ್ನೇ ಬದಲಿಸಿಕೊಡಿ ಎಂದು ಕೇಳಲು ಕೈಯಲ್ಲಿ ಆಧಾರವಿರುವುದಿಲ್ಲ. ಆದ್ದರಿಂದ ಈ ಲೇಖನದಲ್ಲಿ ಎರಡು ವಿಷಯಗಳನ್ನು ಜೊತೆಯಾಗಿ ಹೇಳುತ್ತೇವೆ: ಸಾಕೆಟ್ಟನ್ನು ಹೇಗೆ ಅಳೆದು ಮಾಡುತ್ತಾರೆ, ಮತ್ತು ಅದನ್ನು ಕಾಗದದ ಮೇಲೆ ಹೇಗೆ ಬರೆಸಿಕೊಳ್ಳಬೇಕು. ಹೆಚ್ಚಿನ ವಿವರ ಸೇಲಂ, ಧರ್ಮಪುರಿ ಜಿಲ್ಲೆಗಳಿಗೆ ಸೇರಿದ್ದು. ಹೊಸೂರು, ತಾಳವಾಡಿ, ಕಾಸರಗೋಡು, ಅಕ್ಕಲಕೋಟೆ, ಆದೋನಿ ಕಡೆಯ ಸದಸ್ಯರಿಗೂ ಮುಖ್ಯ ಸಂಗತಿಗಳು ಒಂದೇ.

ಕೃತಕ ಕಾಲಿನ ಭಾಗಗಳು

ಮೊಣಕಾಲಿನ ಕೆಳಗೆ ಕಾಲು ಕಳೆದುಕೊಂಡವರ ಕೃತಕ ಕಾಲಿನಲ್ಲಿ ಸಾಮಾನ್ಯವಾಗಿ ಐದು ಭಾಗಗಳಿರುತ್ತವೆ.

1. ಸಾಕೆಟ್: ಉಳಿದ ಕಾಲು ಒಳಗೆ ಕೂರುವ ಗಟ್ಟಿ ಬಟ್ಟಲು. ಉಳಿದ ಕಾಲನ್ನು ಎಲ್ಲ ಕೇಂದ್ರಗಳಲ್ಲೂ ಸ್ಟಂಪ್ ಎನ್ನುತ್ತಾರೆ. ಇಲ್ಲಿಯೂ ಅದೇ ಪದ ಬಳಸುತ್ತೇವೆ.
2. ಲೈನರ್: ಸಾಕೆಟ್ಟಿಗೂ ಚರ್ಮಕ್ಕೂ ನಡುವಿನ ಮೆತ್ತೆ. ಫೋಮಿನದು ಅಥವಾ ಸಿಲಿಕೋನಿನದು.
3. ಹಿಡಿತ: ಕಾಲು ಕಳಚಿ ಬೀಳದಂತೆ ತಡೆಯುವ ಪಟ್ಟಿ, ರಬ್ಬರಿನಂಥ ತೋಳು ಅಥವಾ ಪಿನ್ನಿನ ಬೀಗ.
4. ಕೊಳವೆ ಮತ್ತು ಜೋಡಣೆಯ ತುಣುಕುಗಳು.
5. ಪಾದ.

ಮೊಣಕಾಲಿನ ಮೇಲೆ ಹೋಗಿದ್ದರೆ ಇವುಗಳ ಜೊತೆಗೆ ಕೃತಕ ಮೊಣಕಾಲಿನ ಕೀಲು ಸೇರುತ್ತದೆ. ಪಾದ, ಕೊಳವೆ, ಕೀಲು ಕಾರ್ಖಾನೆಯಿಂದ ಅಳತೆವಾರು ಸಿದ್ಧವಾಗಿ ಬರುತ್ತವೆ. ಸಾಕೆಟ್ ಹಾಗೆ ಬರುವುದಿಲ್ಲ. ಒಬ್ಬರ ಸಾಕೆಟ್ ಇನ್ನೊಬ್ಬರಿಗೆ ಆಗದು. ಒಬ್ಬರದೇ ಹೋದ ವರ್ಷದ ಸಾಕೆಟ್ ಈ ವರ್ಷ ಆಗದೆ ಹೋಗಬಹುದು.

ಅಳತೆಗೆ ಮುಂಚೆ

ಗಾಯ ಪೂರ್ತಿ ಮಾಗಿ ಊತ ಇಳಿದ ಮೇಲೆ ಅಳತೆ ತೆಗೆಯುವುದು ಸರಿ. ಸಾಮಾನ್ಯವಾಗಿ ಆರರಿಂದ ಎಂಟು ವಾರವಾದರೂ ಬೇಕು. ಸಕ್ಕರೆ ಕಾಯಿಲೆ ಇದ್ದವರಿಗೆ ಇನ್ನೂ ಹೆಚ್ಚು ಹಿಡಿಯುತ್ತದೆ. ಈ ಅವಧಿಯಲ್ಲಿ ಕ್ರೇಪ್ ಬ್ಯಾಂಡೇಜನ್ನು ಎಂಟರ ಆಕಾರದಲ್ಲಿ, ತುದಿಯಲ್ಲಿ ಬಿಗಿಯಾಗಿ, ಮೇಲೆ ಹೋದಂತೆ ಸಡಿಲವಾಗಿ ಸುತ್ತಬೇಕು. ಬಳೆಯಂತೆ ಸುತ್ತಿದರೆ ರಕ್ತ ಕಟ್ಟಿ ತುದಿ ಊದುತ್ತದೆ. ಸುತ್ತುವ ಕ್ರಮವನ್ನು ಆಸ್ಪತ್ರೆಯಿಂದ ಹೊರಡುವ ಮೊದಲೇ ಮನೆಯವರೊಬ್ಬರು ಕಲಿತುಕೊಳ್ಳಬೇಕು.

ಮೊಣಕಾಲಿನ ಕೆಳಗೆ ದಿಂಬಿಟ್ಟು ಮಲಗುವ ಅಭ್ಯಾಸ ಬೇಡ. ಹಾಗೆ ಮಲಗಿದರೆ ಮೊಣಕಾಲು ಬಾಗಿದಂತೆಯೇ ಬಿಗಿದುಕೊಳ್ಳುತ್ತದೆ. ನೆಟ್ಟಗಾಗದ ಮೊಣಕಾಲಿಗೆ ಎಷ್ಟು ಒಳ್ಳೆಯ ಸಾಕೆಟ್ ಮಾಡಿದರೂ ನಡಿಗೆ ಸರಿಹೋಗುವುದಿಲ್ಲ. ಪ್ರೀತಿಯಿಂದ ದಿಂಬು ಕೊಡುವ ಮನೆಯವರಿಗೆ ಇದನ್ನು ಮೊದಲೇ ಹೇಳಬೇಕು.

ಕಾಲು ಹೋದ ಮೊದಲ ವರ್ಷ ಸ್ಟಂಪ್ ಕುಗ್ಗುತ್ತಲೇ ಇರುತ್ತದೆ. ಕೆಲವರಿಗೆ ಒಂದೂವರೆ ವರ್ಷದವರೆಗೂ ಕುಗ್ಗುತ್ತದೆ. ಮೊದಲ ಸಾಕೆಟ್ ಸಡಿಲವಾಗುವುದು ಯಾರ ತಪ್ಪೂ ಅಲ್ಲ. ಅದಕ್ಕೇ ಮೊದಲನೆಯದನ್ನು ತಾತ್ಕಾಲಿಕ ಎಂದೂ, ಸ್ಟಂಪ್ ಒಂದು ಆಕಾರಕ್ಕೆ ನಿಂತ ಮೇಲೆ ಮಾಡುವುದನ್ನು ಕಾಯಂ ಎಂದೂ ಬೇರೆಬೇರೆಯಾಗಿ ಎಣಿಸುತ್ತಾರೆ. ಎರಡೂ ಬೇಕಾಗುತ್ತವೆ ಎಂಬುದನ್ನು ಮೊದಲ ದಿನವೇ ಲೆಕ್ಕಕ್ಕೆ ತೆಗೆದುಕೊಳ್ಳಿ.

ಅಚ್ಚು ತೆಗೆಯುವ ಬಗೆ

ಸ್ಟಂಪಿಗೆ ತೆಳ್ಳನೆಯ ಕಾಲುಚೀಲ ಏರಿಸಿ, ಅಳಿಸದ ಪೆನ್ಸಿಲಿನಿಂದ ಮೂಳೆಯ ಗುರುತುಗಳನ್ನು ಹಾಕುತ್ತಾರೆ. ಮೊಣಕಾಲ ಚಿಪ್ಪು, ಅದರ ಕೆಳಗಿನ ಉಬ್ಬು, ಹೊರಮಗ್ಗುಲಿನ ಸಣ್ಣ ಮೂಳೆಯ ತಲೆ, ಮುಂಗಾಲಿನ ಏಣು, ಮೂಳೆಯ ತುದಿ – ಇವು ಮುಖ್ಯ. ಆಮೇಲೆ ಉದ್ದವನ್ನೂ, ಅಲ್ಲಲ್ಲಿ ಸುತ್ತಳತೆಯನ್ನೂ ಬರೆದುಕೊಳ್ಳುತ್ತಾರೆ. ನಂತರ ಒದ್ದೆ ಮಾಡಿದ ಪ್ಲಾಸ್ಟರ್ ಬ್ಯಾಂಡೇಜ್ ಸುತ್ತಿ, ಅದು ಗಟ್ಟಿಯಾಗುವವರೆಗೆ ಕೈಯಿಂದ ಒತ್ತಿ ಹಿಡಿಯುತ್ತಾರೆ. ಕಳಚಿದಾಗ ಸಿಗುವುದು ಪೊಳ್ಳು ಅಚ್ಚು. ಅದರೊಳಗೆ ಪ್ಲಾಸ್ಟರ್ ಹಿಟ್ಟಿನ ಗಂಜಿ ಸುರಿದು ಗಟ್ಟಿಯಾದ ಮೇಲೆ ಸ್ಟಂಪಿನದೇ ಆಕಾರದ ಬೊಂಬೆ ಸಿಗುತ್ತದೆ.

ಕಸುಬು ಗೊತ್ತಾಗುವುದು ಇದರ ನಂತರದ ಹಂತದಲ್ಲಿ. ಬೊಂಬೆಯ ಮೇಲೆಯೇ ನೇರವಾಗಿ ಸಾಕೆಟ್ ಮಾಡುವುದಿಲ್ಲ. ಭಾರ ತಡೆಯಬಲ್ಲ ಜಾಗಗಳಲ್ಲಿ ಪ್ಲಾಸ್ಟರನ್ನು ಹೆರೆದು ತೆಗೆಯುತ್ತಾರೆ. ಸಾಕೆಟ್ ಅಲ್ಲಿ ಮೈಯನ್ನು ಒತ್ತಿ ಹಿಡಿಯುತ್ತದೆ. ನೋಯುವ ಜಾಗಗಳಲ್ಲಿ, ಅಂದರೆ ಸಣ್ಣ ಮೂಳೆಯ ತಲೆ, ಮುಂಗಾಲಿನ ಏಣು, ಮೂಳೆಯ ತುದಿಗಳ ಮೇಲೆ, ಪ್ಲಾಸ್ಟರನ್ನು ಮೆತ್ತಿ ಸಾಕೆಟ್ಟಿನಲ್ಲಿ ಬಿಡುವು ಮಾಡುತ್ತಾರೆ. ಹೆರೆಯುವುದು, ಮೆತ್ತುವುದು ಕೆಲವು ಮಿಲಿಮೀಟರಿನ ಲೆಕ್ಕ. ಕಚ್ಚುವ ಸಾಕೆಟ್ಟಿಗೂ ಹೊಂದುವ ಸಾಕೆಟ್ಟಿಗೂ ನಡುವಿನ ವ್ಯತ್ಯಾಸ ಹೆಚ್ಚಾಗಿ ಇಲ್ಲಿಯದೇ. ಈಚೆಗೆ ಕೆಲವು ಕೇಂದ್ರಗಳಲ್ಲಿ ಸ್ಟಂಪನ್ನು ಸ್ಕ್ಯಾನ್ ಮಾಡಿ ಕಂಪ್ಯೂಟರಿನಲ್ಲಿ ಇದೇ ತಿದ್ದುಪಡಿ ಮಾಡುತ್ತಾರೆ. ಸಾಧನ ಬೇರೆಯಾದರೂ ತಿದ್ದುವ ಬುದ್ಧಿ ಒಂದೇ.

ಸಾಕೆಟ್ಟಿನ ಬಗೆಗಳು

ಮೊಣಕಾಲಿನ ಕೆಳಗಿನವುಗಳಲ್ಲಿ ಹಳೆಯದೂ ಈಗಲೂ ಬಳಕೆಯಲ್ಲಿರುವುದೂ ಪಿಟಿಬಿ. ಮೊಣಕಾಲ ಚಿಪ್ಪಿನ ಕೆಳಗೆ ಬೆರಳಿಗೆ ಸಿಗುವ ಗಟ್ಟಿ ಪಟ್ಟಿಯ ಮೇಲೆ ಇದು ಹೆಚ್ಚು ಭಾರ ಹಾಕುತ್ತದೆ. 1950ರ ದಶಕದ ಕೊನೆಯಲ್ಲಿ ಅಮೆರಿಕದ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದಲ್ಲಿ ಇದರ ರೂಪ ಸಿದ್ಧವಾಯಿತು. ಇನ್ನೊಂದು ಟಿಎಸ್‌ಬಿ. ಇದರಲ್ಲಿ ಸ್ಟಂಪಿನ ಇಡೀ ಮೈ ಭಾರ ಹಂಚಿಕೊಳ್ಳುತ್ತದೆ, ಸಾಮಾನ್ಯವಾಗಿ ಸಿಲಿಕೋನ್ ಲೈನರ್ ಜೊತೆಗಿರುತ್ತದೆ. ಮೊಣಕಾಲಿನ ಮೇಲಿನವುಗಳಲ್ಲಿ ನಾಲ್ಕು ಮೂಲೆಯ ಕ್ವಾಡ್ರಿಲ್ಯಾಟರಲ್ ಒಂದು ಬಗೆ, ಕೂರುವ ಮೂಳೆಯನ್ನು ಒಳಗೆ ಹಿಡಿದಿಡುವ ಇಸ್ಕಿಯಲ್ ಕಂಟೈನ್‌ಮೆಂಟ್ ಇನ್ನೊಂದು ಬಗೆ.

ಯಾವುದರಿಂದ ಮಾಡುತ್ತಾರೆ ಎಂಬುದೂ ಗೊತ್ತಿರಲಿ. ಜೈಪುರ ಕಾಲಿನ ಹೆಸರು ಕೇಳದವರಿಲ್ಲ. 1968ರ ಹೊತ್ತಿಗೆ ಜೈಪುರದಲ್ಲಿ ಡಾ. ಪಿ.ಕೆ. ಸೇಠಿ ಮತ್ತು ಕುಶಲಕರ್ಮಿ ರಾಮಚಂದ್ರ ಶರ್ಮ ಇದನ್ನು ರೂಪಿಸಿದರು. 1975ರಲ್ಲಿ ಆರಂಭವಾದ ಭಗವಾನ್ ಮಹಾವೀರ ವಿಕಲಾಂಗ ಸಹಾಯತಾ ಸಮಿತಿ ಅದನ್ನು ಉಚಿತವಾಗಿ ಹಂಚುತ್ತ ಬಂದಿದೆ. ಅಲ್ಲಿ ನೀರಿನ ಪೈಪಿಗೆ ಬಳಸುವಂಥ ಎಚ್‌ಡಿಪಿಇ ಕೊಳವೆಯನ್ನು ಕಾಯಿಸಿ ಬೊಂಬೆಯ ಮೇಲೆ ಎಳೆದು ಸಾಕೆಟ್ ಮಾಡುತ್ತಾರೆ. ಬೇಗ ಆಗುವ ಕೆಲಸ, ಖರ್ಚೂ ಕಡಿಮೆ. ಪಾಲಿಪ್ರೊಪಿಲೀನ್ ಹಾಳೆಯನ್ನು ಕಾಯಿಸಿ, ಗಾಳಿ ಹೀರಿ ಬೊಂಬೆಗೆ ಅಂಟಿಸಿ ಮಾಡುವುದು ಇನ್ನೊಂದು ವಿಧಾನ. ಬಟ್ಟೆ ಅಥವಾ ಕಾರ್ಬನ್ ನಾರಿನ ಪದರಗಳಿಗೆ ರಾಳ ಹೀರಿಸಿ ಮಾಡುವುದನ್ನು ಲ್ಯಾಮಿನೇಶನ್ ಎನ್ನುತ್ತಾರೆ. ಅದು ತೆಳು, ಗಟ್ಟಿ, ಬೆಲೆಯೂ ಹೆಚ್ಚು. ಆದರೆ ಪ್ಲಾಸ್ಟಿಕ್ ಸಾಕೆಟ್ಟನ್ನು ಕಾಯಿಸಿ ತಿದ್ದಿದಷ್ಟು ಸುಲಭವಾಗಿ ಅದನ್ನು ತಿದ್ದಲಾಗುವುದಿಲ್ಲ.

ಬೆಲೆ ಹೆಚ್ಚಾದದ್ದೇ ಒಳ್ಳೆಯದು ಎಂದು ಭಾವಿಸಬೇಡಿ. ಪಾಲಮಲೆಯ ಏರು ದಾರಿಯಲ್ಲಿ ನಡೆಯುವವರಿಗೆ, ರಾಗಿ ಹೊಲದ ಕೆಸರಿನಲ್ಲಿ ನಿಲ್ಲುವವರಿಗೆ, ಕುಕ್ಕರಗಾಲಲ್ಲಿ ಕೂತು ಕಳೆ ಕೀಳುವವರಿಗೆ ಬೇಕಾದದ್ದೇ ಬೇರೆ, ಹೊಸೂರಿನ ಕಾರ್ಖಾನೆಯಲ್ಲಿ ಶೂ ಹಾಕಿ ನಿಲ್ಲುವವರಿಗೆ ಬೇಕಾದದ್ದೇ ಬೇರೆ. ಜೈಪುರ ಪಾದವನ್ನು ರೂಪಿಸಿದ್ದೇ ಬರಿಗಾಲಲ್ಲಿ ನಡೆಯುವವರಿಗೆ, ಚಕ್ಕಳಮಕ್ಕಳ ಹಾಕಿ ಕೂರುವವರಿಗೆ. ಸಿದ್ಧೇಶ್ವರನ ಗುಡಿಗೆ ಹತ್ತುವವರು ಚಪ್ಪಲಿ ಬಿಟ್ಟು ಹತ್ತುತ್ತಾರೆ ಎಂಬುದನ್ನೂ ಅಳತೆಯ ದಿನವೇ ಹೇಳಬೇಕು. ಬದುಕಿನ ರೀತಿ ಹೇಳದೆ ತೆಗೆದ ಅಳತೆ ಅರ್ಧ ಅಳತೆ.

ಹಾಕಿ ನೋಡುವ ದಿನ

ಅನುಕೂಲವಿರುವ ಕೇಂದ್ರಗಳಲ್ಲಿ ಮೊದಲು ಪಾರದರ್ಶಕ ಪ್ಲಾಸ್ಟಿಕ್ಕಿನ ಪರೀಕ್ಷಾ ಸಾಕೆಟ್ ಹಾಕಿಸಿ ನೋಡುತ್ತಾರೆ. ಎಲ್ಲಿ ಒತ್ತುತ್ತದೆ, ಎಲ್ಲಿ ಖಾಲಿ ಬಿಟ್ಟಿದೆ ಎಂಬುದು ಹೊರಗಿನಿಂದಲೇ ಕಾಣುತ್ತದೆ. ನಂತರ ಪಾದ, ಕೊಳವೆ ಜೋಡಿಸಿ ನಿಂತು ನೋಡುವುದು, ನಡೆದು ನೋಡುವುದು. ಆ ದಿನ ಅವಸರ ಮಾಡಬೇಡಿ. ಕೊನೆಯ ಬಸ್ಸಿನ ಚಿಂತೆಯಲ್ಲಿ "ಸರಿಯಾಗಿದೆ" ಎಂದು ಹೇಳಿ ಬಂದವರು ಮರುದಿನ ಬೆಟ್ಟ ಹತ್ತುವಾಗ ಪಡುವ ಪಾಡನ್ನು ನಾವು ಬಲ್ಲೆವು. ರಾತ್ರಿ ಉಳಿಯುವಂತೆ ಹೊರಡುವುದು ಒಳ್ಳೆಯದು.

ಅಲ್ಲಿಯೇ ಈ ಪರೀಕ್ಷೆ ಮಾಡಿ:

– ಹದಿನೈದು ನಿಮಿಷ ನಡೆದು ಕಳಚಿ ನೋಡಿ. ಕೆಂಪು ಗುರುತು ಇರುವುದು ಸಹಜ. ಅದು ಹತ್ತರಿಂದ ಇಪ್ಪತ್ತು ನಿಮಿಷದಲ್ಲಿ ಮಾಯವಾಗಬೇಕು. ಮಾಯವಾಗದಿದ್ದರೆ ಆ ಜಾಗವನ್ನು ತಿದ್ದಿಸಬೇಕು.
– ಮೂಳೆಯ ತುದಿಯ ಮೇಲೆ ನೇರವಾಗಿ ಭಾರ ಬೀಳುತ್ತಿದೆಯೇ ಎಂದು ಗಮನಿಸಿ.
– ಹೆಜ್ಜೆ ಎತ್ತಿದಾಗ ಕಾಲು ಕೆಳಗೆ ಜಾರುತ್ತದೆಯೇ, ಊರಿದಾಗ ಸ್ಟಂಪ್ ಒಳಗೆ ಇಳಿಯುತ್ತದೆಯೇ ನೋಡಿ.
– ಮೆಟ್ಟಿಲು ಹತ್ತಿ ಇಳಿಯಿರಿ. ಇಳಿಜಾರಿದ್ದರೆ ಅದರ ಮೇಲೂ ನಡೆಯಿರಿ.
– ಕೂತಾಗ ಮೊಣಕಾಲಿನ ಹಿಂದೆ ಅಂಚು ಕೊಯ್ಯುತ್ತದೆಯೇ ನೋಡಿ.

ಸಕ್ಕರೆ ಕಾಯಿಲೆಯವರಿಗೆ ಚರ್ಮದ ಸ್ಪರ್ಶ ಕಡಿಮೆ ಇರಬಹುದು. ನೋವಿಲ್ಲ ಎಂದರೆ ಗಾಯವಿಲ್ಲ ಎಂದಲ್ಲ. ಕನ್ನಡಿ ಹಿಡಿದು ಕಣ್ಣಿನಿಂದ ನೋಡಿಯೇ ತಿಳಿಯಬೇಕು, ದಿನಾ ನೋಡಬೇಕು.

ಮನೆಗೆ ಬಂದ ಮೇಲೆ

ರಾತ್ರಿ ಸ್ಟಂಪನ್ನು ಸಾಬೂನಿನಿಂದ ತೊಳೆದು ಒರೆಸಿ. ಬೆಳಿಗ್ಗೆ ತೊಳೆದು ಒದ್ದೆಯಲ್ಲೇ ಹಾಕಿಕೊಂಡರೆ ಚರ್ಮ ಬಿಳುಚಿ ಸುಲಿಯುತ್ತದೆ. ಲೈನರ್ ಮತ್ತು ಕಾಲುಚೀಲವನ್ನು ದಿನಾ ತೊಳೆಯಬೇಕು. ಪ್ಲಾಸ್ಟಿಕ್ ಸಾಕೆಟ್ಟನ್ನು ಒಲೆಯ ಹತ್ತಿರವಾಗಲಿ ಉರಿಬಿಸಿಲಿನಲ್ಲಾಗಲಿ ಇಡಬೇಡಿ. ಮನೆಯಲ್ಲೇ ಕಾಯಿಸಿ ಅಗಲ ಮಾಡಲು, ಚೂರಿಯಿಂದ ಅಂಚು ಕೊಯ್ಯಲು ಹೋಗಬೇಡಿ.

ಸಡಿಲವಾದಾಗ ಮೊದಲ ಉಪಾಯ ಕಾಲುಚೀಲದ ಪದರ ಹೆಚ್ಚಿಸುವುದು. ಒಂದು ಪದರ, ಮೂರು ಪದರ, ಐದು ಪದರದವು ಸಿಗುತ್ತವೆ. ಎಷ್ಟು ಪದರ ಹಾಕಿದಿರಿ ಎಂಬುದನ್ನು ಕ್ಯಾಲೆಂಡರಿನ ಮೇಲೆ ಬರೆಯುತ್ತಾ ಬನ್ನಿ. ಒಟ್ಟು ಹತ್ತು ಹದಿನೈದು ಪದರಕ್ಕೆ ಬಂದು ನಿಂತರೆ ಹೊಸ ಸಾಕೆಟ್ ಬೇಕು ಎಂದರ್ಥ. ಆ ಬರಹವೇ ಕೇಂದ್ರದಲ್ಲಿ ನಿಮ್ಮ ಪರವಾಗಿ ಮಾತಾಡುತ್ತದೆ. ಸ್ಟಂಪಿನ ತುದಿ ಊದಿ ಕಪ್ಪಾಗುವುದು, ಚರ್ಮ ದಪ್ಪಗಟ್ಟಿ ಒರಟಾಗುವುದು, ಗುಳ್ಳೆ ಒಡೆಯುವುದು ಕಂಡರೆ ಕಾಲು ಹಾಕುವುದನ್ನು ನಿಲ್ಲಿಸಿ ಕೂಡಲೇ ತೋರಿಸಿ. ಬೆಳೆಯುವ ಮಕ್ಕಳಿಗೆ ವರ್ಷಕ್ಕೊಮ್ಮೆಯಾದರೂ ಅಳತೆ ನೋಡಿಸಲೇಬೇಕು.

ಎಲ್ಲಿಗೆ ಹೋಗುವುದು, ಯಾವ ಕಾಗದ ಬೇಕು

ಮೊದಲು ಬೇಕಾದದ್ದು ಅಂಗವೈಕಲ್ಯದ ಪ್ರಮಾಣಪತ್ರ ಮತ್ತು ಯುಡಿಐಡಿ ಕಾರ್ಡು. 2016ರ ಕಾಯ್ದೆಯಂತೆ ಸೌಲಭ್ಯಗಳಿಗೆ ಶೇ. 40 ಅಂಗವೈಕಲ್ಯ ಇರಬೇಕು. ಮೊಣಕಾಲಿನ ಕೆಳಗೆ ಕಾಲು ಹೋದವರಿಗೂ ಇದಕ್ಕಿಂತ ಹೆಚ್ಚೇ ಬರುತ್ತದೆ. ಯುಡಿಐಡಿ ದೇಶವಿಡೀ ನಡೆಯುವ ಗುರುತು. ಒಂದು ರಾಜ್ಯದಲ್ಲಿದ್ದು ಇನ್ನೊಂದು ರಾಜ್ಯದ ಆಸ್ಪತ್ರೆಗೆ ಹೋಗುವ ನಮ್ಮಂಥವರಿಗೆ ಇದು ಅತಿ ಮುಖ್ಯ.

1956ರವರೆಗೆ ಕೊಳ್ಳೇಗಾಲವೂ ಕೊಯಮತ್ತೂರು ಜಿಲ್ಲೆಯಲ್ಲೇ ಇತ್ತು. ಪಾಲಾರಿನ ಆಚೆಗೂ ಈಚೆಗೂ ಇವತ್ತಿಗೂ ನಂಟಸ್ತಿಕೆ ಉಂಟು. ಆದರೆ ರಾಜ್ಯದ ಯೋಜನೆಗಳು ವಾಸದ ವಿಳಾಸ ನೋಡುತ್ತವೆ, ನುಡಿಯನ್ನಲ್ಲ. ಸೇಲಂ, ಧರ್ಮಪುರಿ, ಕೃಷ್ಣಗಿರಿ ಜಿಲ್ಲೆಗಳ ವಿಳಾಸವಿದ್ದವರು ತಮಿಳುನಾಡು ಸರ್ಕಾರದ ಜಿಲ್ಲಾ ಕಚೇರಿಗೇ ಅರ್ಜಿ ಹಾಕಬೇಕು. ಅಲ್ಲಿ ಅದನ್ನು "ಮಾಟ್ರುತ್ತಿರನಾಳಿಗಳ್ ನಲ ಅಲುವಲಗಂ" ಎನ್ನುತ್ತಾರೆ. ಭಾಗಗಳನ್ನು ಬಿಡಿಬಿಡಿಯಾಗಿ ಜೋಡಿಸುವ ಮಾಡ್ಯುಲರ್ ಕೃತಕ ಕಾಲನ್ನು ಉಚಿತವಾಗಿ ಕೊಡುವ ಯೋಜನೆ ಆ ಇಲಾಖೆಯಲ್ಲಿದೆ. ಚಾಮರಾಜನಗರದ ಕಡೆ ವಿಳಾಸವಿದ್ದವರಿಗೆ ಕರ್ನಾಟಕದ ವಿಕಲಚೇತನರ ಮತ್ತು ಹಿರಿಯ ನಾಗರಿಕರ ಸಬಲೀಕರಣ ಇಲಾಖೆ.

ಕೇಂದ್ರ ಸರ್ಕಾರದ ಎಡಿಐಪಿ ಯೋಜನೆ 1981ರಿಂದ ಇದೆ. ತಿಂಗಳ ಆದಾಯ 22,500 ರೂಪಾಯಿಯವರೆಗೆ ಇದ್ದರೆ ಪೂರ್ತಿ ನೆರವು, 30,000ದವರೆಗೆ ಇದ್ದರೆ ಅರ್ಧ ನೆರವು. ಕಾನ್ಪುರದ ಅಲಿಮ್ಕೊ ಸಂಸ್ಥೆ ಇದರಡಿ ಶಿಬಿರಗಳನ್ನು ನಡೆಸುತ್ತದೆ, ಅದರ ಒಂದು ಉತ್ಪಾದನಾ ಘಟಕ ಬೆಂಗಳೂರಿನಲ್ಲೂ ಇದೆ. ಒಂದು ನಿಯಮವನ್ನು ನೆನಪಿಡಿ: ಒಮ್ಮೆ ನೆರವು ಪಡೆದರೆ ಅದೇ ಉದ್ದೇಶಕ್ಕೆ ಮೂರು ವರ್ಷ ಮತ್ತೆ ಸಿಗುವುದಿಲ್ಲ. 12 ವರ್ಷದೊಳಗಿನ ಮಕ್ಕಳಿಗೆ ಈ ಗಡುವು ಒಂದು ವರ್ಷ. ಸ್ಟಂಪ್ ಕುಗ್ಗುತ್ತಿರುವಾಗಲೇ ಅವಸರದಲ್ಲಿ ಶಿಬಿರದ ಕಾಲು ತೆಗೆದುಕೊಂಡರೆ, ಅದು ಸಡಿಲವಾದ ಮೇಲೆ ಕಾಯುವ ಕಾಲ ಉದ್ದವಾಗುತ್ತದೆ. ಯಾವಾಗ ತೆಗೆದುಕೊಳ್ಳುವುದು ಎಂಬುದನ್ನು ತಜ್ಞರನ್ನು ಕೇಳಿ ತೀರ್ಮಾನಿಸಿ.

ಸೇಲಂನಲ್ಲಿ ಸರ್ಕಾರಿ ಮೋಹನ್ ಕುಮಾರಮಂಗಲಂ ವೈದ್ಯಕೀಯ ಕಾಲೇಜು ಆಸ್ಪತ್ರೆ, ಧರ್ಮಪುರಿಯಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ ನಮ್ಮ ಭಾಗದ ದೊಡ್ಡ ಆಸ್ಪತ್ರೆಗಳು. ಸಲಹೆ, ಪ್ರಮಾಣಪತ್ರಗಳ ವಿಚಾರಣೆಯನ್ನು ಅಲ್ಲಿಂದ ಶುರುಮಾಡಬಹುದು. ವೆಲ್ಲೂರಿನ ಸಿಎಂಸಿಯಲ್ಲಿ 1966ರಿಂದಲೂ ಪುನಶ್ಚೇತನ ಕೇಂದ್ರವಿದೆ. ಅದನ್ನು ಕಟ್ಟಿದ ಡಾ. ಮೇರಿ ವರ್ಗೀಸ್ ತಾವೇ ಅಪಘಾತದಲ್ಲಿ ನಡಿಗೆ ಕಳೆದುಕೊಂಡು, ಗಾಲಿಕುರ್ಚಿಯಲ್ಲಿ ಕೂತೇ ಶಸ್ತ್ರಚಿಕಿತ್ಸೆ ಮಾಡಿದವರು. ಬೆಂಗಳೂರಿನಲ್ಲಿ 1994ರಲ್ಲಿ ಆರಂಭವಾದ ಮೊಬಿಲಿಟಿ ಇಂಡಿಯಾ ಕೃತಕ ಅಂಗಗಳನ್ನು ಜೋಡಿಸುವುದರ ಜೊತೆಗೆ ಆ ಕೆಲಸವನ್ನು ಕಲಿಸುತ್ತದೆ ಕೂಡ.

ಎಲ್ಲಿಗೆ ಹೋದರೂ ಅಳತೆ ತೆಗೆಯುವವರು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿಸಿದ ಪ್ರಾಸ್ಥೆಟಿಸ್ಟ್ ಹೌದೇ ಎಂದು ಕೇಳಿ. 1992ರ ಕಾಯ್ದೆಯಂತೆ ನೋಂದಣಿ ಕಡ್ಡಾಯ. ಅವರ ನೋಂದಣಿ ಸಂಖ್ಯೆ ಅಂದಾಜುಪಟ್ಟಿಯ ಮೇಲೂ ಬಿಲ್ಲಿನ ಮೇಲೂ ಇರಲಿ.

ಬಿಲ್ಲಿನಲ್ಲಿ ಏನಿರಬೇಕು

ಸ್ವಂತ ಹಣ ಕೊಟ್ಟು ಮಾಡಿಸುವವರು ಅಂದಾಜುಪಟ್ಟಿ, ಬಿಲ್ಲು ಎರಡರಲ್ಲೂ ಸಾಲು ಸಾಲಾಗಿ ಬಿಡಿಸಿ ಬರೆಸಿಕೊಳ್ಳಿ:

– ಸಾಕೆಟ್: ಮೊಣಕಾಲಿನ ಕೆಳಗೋ ಮೇಲೋ, ಎಡವೋ ಬಲವೋ, ತಾತ್ಕಾಲಿಕವೋ ಕಾಯಮ್ಮೋ, ಪಿಟಿಬಿಯೋ ಟಿಎಸ್‌ಬಿಯೋ, ಯಾವುದರಿಂದ ಮಾಡಿದ್ದು, ರೋಗಿಯ ಅಚ್ಚಿನಿಂದಲೇ ಮಾಡಿದ್ದು ಎಂಬ ಮಾತು.
– ಪರೀಕ್ಷಾ ಸಾಕೆಟ್ ಇದ್ದರೆ ಅದಕ್ಕೆ ಬೇರೆ ಸಾಲು.
– ಲೈನರ್: ಬಗೆ, ಅಳತೆ, ಎಷ್ಟು.
– ಹಿಡಿತ: ಪಟ್ಟಿ, ತೋಳು ಅಥವಾ ಪಿನ್ ಬೀಗ.
– ಕೊಳವೆ, ಜೋಡಣೆಯ ತುಣುಕು, ಕೀಲು, ಪಾದ: ತಯಾರಕರ ಹೆಸರು, ಸಂಖ್ಯೆ, ಖಾತರಿಯ ಅವಧಿ.
– ಜೋಡಣೆ, ನಡಿಗೆ ತರಬೇತಿ, ಮುಂದಿನ ತಿದ್ದುಪಡಿ ಎಷ್ಟು ಬಾರಿ ಉಚಿತ ಎಂಬುದು.

ಬಿಡಿಸಿ ಬರೆಸಿದರೆ ಮುಂದೆ ಸಾಕೆಟ್ ಒಂದನ್ನೇ ಬದಲಿಸುವಾಗ ಪಾದ ಮತ್ತು ಕೀಲಿಗೆ ಮತ್ತೆ ಹಣ ಕೇಳಲು ಯಾರಿಗೂ ಅವಕಾಶವಿರುವುದಿಲ್ಲ. ಉಚಿತ ಶಿಬಿರದಲ್ಲಿ ಬಿಲ್ಲು ಇರುವುದಿಲ್ಲ, ಸ್ವೀಕೃತಿ ಚೀಟಿ ಇರುತ್ತದೆ. ಅದರಲ್ಲೂ ಸಾಕೆಟ್ಟಿನ ಬಗೆ ಮತ್ತು ದಿನಾಂಕ ಬರೆಸಿಕೊಳ್ಳಬಹುದು. ಕೇಳಿದರೆ ಬರೆದುಕೊಡುತ್ತಾರೆ.

ಇನ್ನು ತೆರಿಗೆ. ಜಿಎಸ್‌ಟಿಯಲ್ಲಿ ದೇಹದ ಕೃತಕ ಭಾಗಗಳು 9021 ಎಂಬ ಶೀರ್ಷಿಕೆಗೆ ಸೇರುತ್ತವೆ, ತೆರಿಗೆ ಶೇ. 5. ಈ ಸಾಲಿನ ದರ 2022ರ ಜುಲೈ 18ರಂದು 12ರಿಂದ 5ಕ್ಕೆ ಇಳಿಯಿತು. ಸಾಕೆಟ್ ನೋಡಲು ಪ್ಲಾಸ್ಟಿಕ್ ಬಟ್ಟಲಿನಂತೆ ಇರುವುದರಿಂದ ಅದನ್ನು ಬೇರೆಯಾಗಿ ಬಿಲ್ ಮಾಡುವಾಗ 3926ರ ಪ್ಲಾಸ್ಟಿಕ್ ಸಾಮಾನಿನ ಗುಂಪಿಗೆ ಹಾಕಿಬಿಡುವ ಸಂಭವವಿದೆ, ಅಲ್ಲಿ ತೆರಿಗೆ ಹೆಚ್ಚು. ಆದರೆ ಪ್ಲಾಸ್ಟಿಕ್ಕಿನ 39ನೇ ಅಧ್ಯಾಯದ ಟಿಪ್ಪಣಿಯೇ 90ನೇ ಅಧ್ಯಾಯದ ವಸ್ತುಗಳನ್ನು ತನ್ನಿಂದ ಹೊರಗಿಟ್ಟಿದೆ. ವಸ್ತುವಿನ ಗುಂಪನ್ನು ಇಲ್ಲಿ ತೀರ್ಮಾನಿಸುವುದು ಅದು ಯಾತರದ್ದು ಎಂಬುದಲ್ಲ, ಯಾತಕ್ಕೆ ಎಂಬುದು. ಬಿಲ್ಲಿನಲ್ಲಿ 9021 ಎಂಬ ನಾಲ್ಕು ಅಂಕೆಗಳನ್ನು ನೋಡಿಕೊಂಡೇ ಹಣ ಕೊಡಿ.

ವಿಮೆ, ಇಎಸ್‌ಐ, ಅಪಘಾತ ಪರಿಹಾರ

ಆರೋಗ್ಯ ವಿಮೆಯ ಹಲವು ಪಾಲಿಸಿಗಳು ಶಸ್ತ್ರಚಿಕಿತ್ಸೆಯಲ್ಲಿ ದೇಹದೊಳಗೆ ಇಡುವ ಕೃತಕ ಭಾಗಕ್ಕೆ ಹಣ ಕೊಡುತ್ತವೆ, ಹೊರಗೆ ತೊಡುವುದಕ್ಕೆ ಕೊಡುವುದಿಲ್ಲ. ಹೊರಗೆ ತೊಡುವ ಅಂಗದ ಬಗ್ಗೆ ಪಾಲಿಸಿಯಲ್ಲಿ ಏನಿದೆ ಎಂದು ಮುಂಚೆಯೇ ಓದಿಸಿ ತಿಳಿಯಿರಿ. ಮೆಟ್ಟೂರು, ಹೊಸೂರಿನ ಕಾರ್ಖಾನೆಗಳಲ್ಲಿ ದುಡಿಯುವ, ಇಎಸ್‌ಐ ಇರುವ ಸದಸ್ಯರಿಗೆ ಕೃತಕ ಅಂಗ ವೈದ್ಯಕೀಯ ಸೌಲಭ್ಯದ ಭಾಗವಾಗಿಯೇ ಸಿಗುತ್ತದೆ. ಸ್ವಂತ ಹಣ ಹಾಕುವ ಮೊದಲು ಇಎಸ್‌ಐ ಔಷಧಾಲಯದಲ್ಲಿ ವಿಚಾರಿಸಿ.

ರಸ್ತೆ ಅಪಘಾತದಲ್ಲಿ ಕಾಲು ಕಳೆದುಕೊಂಡು ಪರಿಹಾರದ ಮೊಕದ್ದಮೆ ಹೂಡಿದವರಿಗೆ ಬಿಡಿಸಿ ಬರೆದ ಬಿಲ್ಲು ಬಹಳ ಬೆಲೆಯುಳ್ಳದ್ದು. ಉತ್ತರ ಪ್ರದೇಶದ ರಸ್ತೆ ಸಾರಿಗೆ ನಿಗಮ ಎದುರುಪಕ್ಷವಾಗಿದ್ದ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2022ರ ಡಿಸೆಂಬರಿನಲ್ಲಿ ತೀರ್ಪು ಕೊಡುತ್ತ, ಕೃತಕ ಕಾಲು ಒಮ್ಮೆ ಕೊಂಡರೆ ಮುಗಿಯುವುದಿಲ್ಲ, ಮುಂದೆ ಬದಲಿಸುವ ಮತ್ತು ದುರಸ್ತಿಯ ಖರ್ಚನ್ನೂ ಪರಿಹಾರದಲ್ಲಿ ಎಣಿಸಬೇಕು ಎಂದು ಒಪ್ಪಿತು. ಸಾಕೆಟ್ ಎಷ್ಟು ಕಾಲಕ್ಕೊಮ್ಮೆ, ಪಾದ ಎಷ್ಟು ಕಾಲಕ್ಕೊಮ್ಮೆ ಬದಲಾಗಬೇಕು ಎಂದು ಪ್ರಾಸ್ಥೆಟಿಸ್ಟರಿಂದ ಬರೆಸಿಕೊಂಡ ಪತ್ರವನ್ನು ವಕೀಲರಿಗೆ ಕೊಡಿ. ರಾಜಿ ಮಾಡಿಕೊಳ್ಳುವ ಮುನ್ನವೇ ಕೊಡಿ. ಸಹಿ ಹಾಕಿದ ಮೇಲೆ ಲೆಕ್ಕ ತಿದ್ದುವುದು ಕಷ್ಟ.

ಹೊರದೇಶದ ರೀತಿ

ಸದಸ್ಯರ ಮಕ್ಕಳು ಅಮೆರಿಕದಲ್ಲಿದ್ದು, ಅಲ್ಲಿ ಚಿಕಿತ್ಸೆಯಾದರೆ ಬಿಲ್ಲಿನ ಮೇಲೆ ಎಲ್ ಅಕ್ಷರದಿಂದ ಶುರುವಾಗುವ ಸಂಖ್ಯೆಗಳು ಕಾಣುತ್ತವೆ. ಎಲ್5301 ಎಂದರೆ ಅಚ್ಚಿನಿಂದ ಮಾಡಿದ ಸಾಕೆಟ್, ಕೊಳವೆ, ಸಾದಾ ಪಾದ ಸೇರಿದ ಮೊಣಕಾಲ ಕೆಳಗಿನ ಕಾಲು. ಎಲ್5620 ಅದರ ಪರೀಕ್ಷಾ ಸಾಕೆಟ್. ಎಲ್5700 ಬದಲಿ ಸಾಕೆಟ್ ಮಾತ್ರ. ಅಂದರೆ ಸಾಕೆಟ್ ಒಂದನ್ನೇ ಬದಲಿಸುವುದಕ್ಕೆ ಅಲ್ಲಿ ಪ್ರತ್ಯೇಕ ಸಾಲೇ ಉಂಟು. ರೋಗಿ ಎಷ್ಟು ಓಡಾಡಬಲ್ಲರು ಎಂಬುದನ್ನು ಕೆ0ಯಿಂದ ಕೆ4ರವರೆಗೆ ಐದು ದರ್ಜೆ ಮಾಡಿ, ಪಾದ ಮತ್ತು ಕೀಲನ್ನು ಅದರಂತೆ ಮಂಜೂರು ಮಾಡುತ್ತಾರೆ.

ಅಲ್ಲಿನ ಮೆಡಿಕೇರ್ ಯೋಜನೆಯ ಒಂದು ನಿಯಮ ನಮ್ಮವರೂ ತಿಳಿಯತಕ್ಕದ್ದು. ರೋಗಿಯ ದೇಹಸ್ಥಿತಿ ಬದಲಾಗಿದೆ ಎಂದು ವೈದ್ಯರು ಬರೆದರೆ, ಹಳೆಯದರ ಆಯುಸ್ಸು ಮುಗಿಯುವವರೆಗೆ ಕಾಯದೆ ಹೊಸ ಭಾಗ ಕೊಡಬಹುದು. ದುರಸ್ತಿಯ ಖರ್ಚು ಹೊಸದರ ಬೆಲೆಯ ಶೇ. 60 ಮೀರಿದರೂ ಹಾಗೆಯೇ. ನಮ್ಮಲ್ಲಿ ಮೂರು ವರ್ಷದ ಗಡುವು ದಿನಗಳನ್ನು ಎಣಿಸುತ್ತದೆ, ಸ್ಟಂಪನ್ನು ಅಳೆಯುವುದಿಲ್ಲ. ಸಾಕೆಟ್ಟನ್ನು ಉಳಿದ ಕಾಲಿನಿಂದ ಬೇರೆಯಾಗಿ ಎಣಿಸಿ, ಸ್ಟಂಪ್ ಬದಲಾದಾಗ ಅದನ್ನಷ್ಟೇ ಬೇಗ ಬದಲಿಸಿಕೊಡಬೇಕು ಎಂಬುದು ಜಿಲ್ಲಾ ಕಚೇರಿಗಳ ಮುಂದೆ ನಾವೆಲ್ಲ ಇಡಬಹುದಾದ ನ್ಯಾಯವಾದ ಬೇಡಿಕೆ.

ನುಡಿಯ ತೊಡಕು

ನೋವಿನ ವಿಷಯವನ್ನು ತಾಯ್ನುಡಿಯಲ್ಲದ ನುಡಿಯಲ್ಲಿ ಹೇಳುವುದು ಕಷ್ಟ. "ಚುಚ್ಚುತ್ತದೆ", "ಉರಿಯುತ್ತದೆ", "ಜೋಮು ಹಿಡಿಯುತ್ತದೆ", "ಒತ್ತುತ್ತದೆ" – ಈ ನಾಲ್ಕೂ ಬೇರೆಬೇರೆ ತೊಂದರೆಗಳು, ತಿದ್ದುವ ಜಾಗವೂ ಬೇರೆಬೇರೆ. ಮಾತು ಹೊರಡದಿದ್ದರೆ ಬೆರಳಿಟ್ಟು ಜಾಗ ತೋರಿಸಿ, ಅಲ್ಲಿ ಪೆನ್ನಿನಿಂದ ಗುರುತು ಹಾಕಿಕೊಂಡೇ ಹೋಗಿ. ಅರ್ಜಿಯಲ್ಲಿ ಕೃತಕ ಕಾಲಿಗೆ ತಮಿಳಿನಲ್ಲಿ "ಸೆಯರ್ಕೈ ಕಾಲ್", ಮಲಯಾಳದಲ್ಲಿ "ಕೃತ್ರಿಮಕ್ಕಾಲ್", ತೆಲುಗಿನಲ್ಲಿ "ಕೃತ್ರಿಮ ಕಾಲು", ಮರಾಠಿಯಲ್ಲಿ "ಕೃತ್ರಿಮ ಪಾಯ್" ಎಂಬ ಪದಗಳಿವೆ. ಸಾಕೆಟ್ ಎಂಬ ಮಾತು ಮಾತ್ರ ಎಲ್ಲ ಕಡೆಯೂ ಸಾಕೆಟ್ಟೇ.

ಹೊರಡುವ ಮುನ್ನ ಚೀಲದಲ್ಲಿ ಇರಬೇಕಾದವು: ಯುಡಿಐಡಿ ಕಾರ್ಡು, ಆಧಾರ್, ಆದಾಯ ಪ್ರಮಾಣಪತ್ರ, ಶಸ್ತ್ರಚಿಕಿತ್ಸೆಯ ಬಿಡುಗಡೆ ಪತ್ರ, ಹಳೆಯ ಬಿಲ್ಲು ಅಥವಾ ಚೀಟಿ, ಕಾಲುಚೀಲದ ಪದರ ಬರೆದ ಕ್ಯಾಲೆಂಡರ್, ಇನ್ನೊಂದು ಕಾಲಿನ ದಿನಬಳಕೆಯ ಚಪ್ಪಲಿ, ಹಳೆಯ ಕೃತಕ ಕಾಲು. ಹಳೆಯದು ಎಷ್ಟೇ ಕೆಟ್ಟಿದ್ದರೂ ಬಿಟ್ಟು ಹೋಗಬೇಡಿ. ಅದರ ಪಾದ, ಕೊಳವೆ ಮತ್ತೆ ಉಪಯೋಗಕ್ಕೆ ಬರಬಹುದು. ಎಲ್ಲಿ ಸವೆದಿದೆ ಎಂಬುದನ್ನು ನೋಡಿಯೇ ಬಲ್ಲವರು ಹೊಸ ಸಾಕೆಟ್ಟಿನ ಅಂದಾಜು ಕಟ್ಟುತ್ತಾರೆ.

ನಿಮ್ಮ ಊರಿನಲ್ಲಿ, ಬೀದಿಯಲ್ಲಿ, ನಂಟರ ಮನೆಯಲ್ಲಿ ಮೂಲೆ ಸೇರಿದ ಕೃತಕ ಕಾಲು ಇದ್ದರೆ ಈ ಲೇಖನವನ್ನು ಅವರಿಗೆ ಓದಿ ಹೇಳಿ. ಓದಲು ಬಾರದವರ ಜೊತೆ ಒಮ್ಮೆ ಕಚೇರಿಗೂ ಹೋಗಿಬನ್ನಿ. ಅವರಿಗೆ ಬೇಕಾಗಿರುವುದು ಹೊಸ ಕಾಲಲ್ಲದೆ ಬರೀ ಒಂದು ಸಾಕೆಟ್ ಆಗಿರಬಹುದು.